ಚಂದಾ ಕಟ್ಟದ ಕ್ಯಾಮೆರಾ: ದೃಶ್ಯ ಯಾರ ಮನೆಯಲ್ಲಿ ಉಳಿಯುತ್ತದೆ?

2026ರ ಫೆಬ್ರುವರಿ ಮೊದಲ ದಿನಗಳಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಬಳಿ 84 ವರ್ಷದ ವೃದ್ಧೆಯೊಬ್ಬರು ತಮ್ಮ ಮನೆಯಿಂದಲೇ ಕಾಣೆಯಾದರು. ಇದು ಅಪಹರಣ ಎಂದರು ಪೊಲೀಸರು. ಮುಂಬಾಗಿಲಲ್ಲಿ ಗೂಗಲ್ ನೆಸ್ಟ್ ಡೋರ್‌ಬೆಲ್ ಕ್ಯಾಮೆರಾ ಇತ್ತು, ಆದರೆ ಅದಕ್ಕೆ ಚಂದಾ ಕಟ್ಟಿರಲಿಲ್ಲ. ಚಂದಾ ಇಲ್ಲದ್ದರಿಂದ ದೃಶ್ಯ ಉಳಿದಿಲ್ಲ ಎಂಬುದು ತನಿಖಾಧಿಕಾರಿಗಳ ಮೊದಲ ಮಾತು. ಫೆಬ್ರುವರಿ 10ರಂದು ಎಫ್‌ಬಿಐ ಅದೇ ಕ್ಯಾಮೆರಾದ ದೃಶ್ಯವನ್ನು ಬಿಡುಗಡೆ ಮಾಡಿತು. ಮುಖಗವಸು ತೊಟ್ಟವನೊಬ್ಬ ಬಾಗಿಲಿಗೆ ಬಂದು ಕ್ಯಾಮೆರಾವನ್ನು ಮರೆಮಾಡಲು ನೋಡುವುದು ಅದರಲ್ಲಿತ್ತು. ಕಂಪನಿಯ ಹಿನ್ನೆಲೆ ವ್ಯವಸ್ಥೆಗಳಲ್ಲಿ ಅಳಿದುಳಿದಿದ್ದ ದತ್ತಾಂಶದಿಂದ ಅದನ್ನು ಪಡೆಯಲಾಯಿತು ಎಂದು ಎಫ್‌ಬಿಐ ಹೇಳಿತು.

ಓದುಗರಿಗೆ ಗೊಂದಲವಾದದ್ದು ಇಲ್ಲೇ. ಹಣ ಕಟ್ಟದಿದ್ದರೆ ದೃಶ್ಯ ದಾಖಲಾಗುವುದಿಲ್ಲ ಎಂದಾದರೆ ಆ ದೃಶ್ಯ ಎಲ್ಲಿಂದ ಬಂತು? ದಾಖಲಾಗಿತ್ತು ಎಂದಾದರೆ ಮನೆಯವರಿಗೇ ಅದು ಏಕೆ ಸಿಗಲಿಲ್ಲ? ‘ತಿಂಗಳ ಚಂದಾ ಇಲ್ಲದ ಕ್ಯಾಮೆರಾ ಯಾವುದು’ ಎಂದು ಹುಡುಕುವವರು ಬೆಲೆ ಹೋಲಿಸುವ ಮೊದಲು ಈ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಏಕೆಂದರೆ ಚಂದಾ ಇಲ್ಲ ಎಂಬುದು ಒಂದು ಸಂಗತಿ, ದೃಶ್ಯ ನಮ್ಮ ಮನೆಯಲ್ಲೇ ಇದೆ ಎಂಬುದು ಇನ್ನೊಂದು. ಪೆಟ್ಟಿಗೆಯ ಮೇಲಿನ ಜಾಹೀರಾತು ಎರಡನ್ನೂ ಒಂದೇ ಎಂಬಂತೆ ತೋರಿಸುತ್ತದೆ.

ದುಡ್ಡು ಯಾವುದಕ್ಕೆ?

ಕ್ಲೌಡ್ ಆಧಾರಿತ ಡೋರ್‌ಬೆಲ್ ಕೆಲಸ ಮಾಡುವ ಬಗೆ ಹೀಗೆ. ಬಾಗಿಲ ಮುಂದೆ ಯಾರಾದರೂ ಸುಳಿದರೆ ಕ್ಯಾಮೆರಾ ಒಂದು ತುಣುಕನ್ನು ಚಿತ್ರಿಸಿ, ವೈಫೈ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ. ಬಂದದ್ದು ಮನುಷ್ಯನೋ ನಾಯಿಯೋ ಎಂದು ಕ್ಯಾಮೆರಾವೋ ಸರ್ವರೋ ಗುರುತಿಸುತ್ತದೆ. ಆಮೇಲೆ ನಮ್ಮ ಫೋನಿಗೆ ಸೂಚನೆ ಬರುತ್ತದೆ. ತಿಂಗಳ ಚಂದಾ ಕೊಳ್ಳುವುದು ಮುಖ್ಯವಾಗಿ ಆ ತುಣುಕನ್ನು ಮುಂದೆ ತೆರೆದು ನೋಡುವ ಹಕ್ಕನ್ನು. ಅಮೆಜಾನ್ ಒಡೆತನದ ರಿಂಗ್‌ಗೆ ಚಂದಾ ಕಟ್ಟದಿದ್ದರೆ ಆ ಕ್ಷಣದ ನೇರ ದೃಶ್ಯ, ಬಂದವರ ಜೊತೆ ಮಾತು, ಫೋನಿಗೆ ಎಚ್ಚರಿಕೆ ಇಷ್ಟು ಸಿಗುತ್ತವೆ. ಹತ್ತು ನಿಮಿಷದ ಹಿಂದೆ ಬಂದು ಹೋದವರು ಯಾರೆಂದು ನೋಡಲು ಆಗುವುದಿಲ್ಲ. ನೆಸ್ಟ್‌ನ ಕೆಲವು ಮಾದರಿಗಳು ಚಂದಾ ಇಲ್ಲದವರಿಗೂ ಹಿಂದಿನ 3 ಗಂಟೆಯ ತುಣುಕುಗಳನ್ನು ತೋರಿಸುತ್ತವೆ. ಆಮೇಲೆ ಆ ಕಿಟಕಿ ಮುಚ್ಚಿಕೊಳ್ಳುತ್ತದೆ.

ಮುಚ್ಚಿಕೊಳ್ಳುವುದು ನಮ್ಮ ಕಡೆಯ ಕಿಟಕಿ. ಆ ಮೂರು ಗಂಟೆಯ ದೃಶ್ಯವನ್ನು ತೋರಿಸಬೇಕಾದರೂ ಅದು ಮೊದಲು ಕಂಪನಿಯ ಸರ್ವರ್ ತಲುಪಿರಲೇಬೇಕು. ಬೃಹತ್ ದತ್ತಾಂಶ ಕೇಂದ್ರಗಳಲ್ಲಿ ‘ಅಳಿಸು’ ಎಂದ ತಕ್ಷಣ ಎಲ್ಲ ಪ್ರತಿಗಳೂ ಒರೆಸಿಹೋಗುವುದಿಲ್ಲ. ಮೊದಲು ಅಲ್ಲಿಗೆ ಹೋಗುವ ದಾರಿ ಅಳಿಯುತ್ತದೆ, ಜಾಗ ಖಾಲಿಯಾಗುವುದು ಆಮೇಲೆ. ಟೂಸಾನ್ ಪ್ರಕರಣದ ಒಗಟು ಬಿಡುವುದು ಇಲ್ಲಿ. ಗ್ರಾಹಕರಿಗೆ ದೃಶ್ಯ ಇರಲಿಲ್ಲ, ಕಂಪನಿಯ ಯಂತ್ರಗಳಲ್ಲಿ ಅದರ ಅವಶೇಷ ಇತ್ತು. ಅಂದರೆ ಕ್ಲೌಡ್ ಕ್ಯಾಮೆರಾ ಕೊಂಡು ಚಂದಾ ಕಟ್ಟದೆ ಕೂತವರ ಸ್ಥಿತಿ ಎಲ್ಲರಿಗಿಂತ ಪೇಚಿನದು. ಮನೆಯ ಚಿತ್ರ ಹೊರಗೆ ಹೋಗುವುದು ತಪ್ಪುವುದಿಲ್ಲ, ಬೇಕಾದಾಗ ನೋಡಲು ಸಿಗುವುದೂ ಇಲ್ಲ.

ಮೂಗಿಗಿಂತ ಮೂಗುತಿ ಭಾರ

ಕಂಪನಿಗಳ ವಾದವನ್ನೂ ಕೇಳಬೇಕು. ಕ್ಯಾಮೆರಾ ಒಮ್ಮೆ ಮಾರಾಟವಾಗುತ್ತದೆ, ಸರ್ವರ್ ಖರ್ಚು ವರ್ಷವಿಡೀ ಇರುತ್ತದೆ. ಭದ್ರತಾ ದೋಷ ಕಂಡುಬಂದಾಗ ತಂತ್ರಾಂಶ ತಿದ್ದಿ ಕಳಿಸಬೇಕು, ಅದಕ್ಕೂ ಸಂಬಳದ ಜನ ಬೇಕು. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೂ ಅಲ್ಲಿಯವರೆಗಿನ ದೃಶ್ಯ ಕ್ಲೌಡ್‌ನಲ್ಲಿ ಉಳಿದಿರುತ್ತದೆ ಎಂಬುದು ಅವರ ಗಟ್ಟಿ ವಾದ. ಇದು ನಿಜ.

ಆದರೆ ಚಂದಾ ಒಂದೇ ಕಡೆ ನಿಲ್ಲುವುದಿಲ್ಲ. ನೆಸ್ಟ್‌ನ ಮೂಲ ಯೋಜನೆ ಅಮೆರಿಕದಲ್ಲಿ ತಿಂಗಳಿಗೆ 6 ಡಾಲರ್ ಇದ್ದದ್ದು 2023ರಲ್ಲಿ 8 ಆಯಿತು, 2025ರಲ್ಲಿ 10 ಆಯಿತು. ಅಲ್ಲಿ ಸುಮಾರು 180 ಡಾಲರ್ ಕೊಟ್ಟು ಕೊಂಡ ಡೋರ್‌ಬೆಲ್‌ಗೆ ಒಂದೂವರೆ ವರ್ಷದ ಚಂದಾ ಕಟ್ಟಿದರೆ ಇನ್ನೊಂದು ಡೋರ್‌ಬೆಲ್‌ನ ಬೆಲೆ ಆಯಿತು. ಕ್ಯಾಮೆರಾ ಈಗಾಗಲೇ ಗೋಡೆಗೆ ಬಿದ್ದಿದೆ, ಹಳೆಯ ದೃಶ್ಯಗಳು ಕಂಪನಿಯ ಬಳಿ ಇವೆ. ಬೆಲೆ ಏರಿತೆಂದು ಎಷ್ಟು ಜನ ಅದನ್ನು ಕಿತ್ತುಹಾಕುತ್ತಾರೆ?

ಉಚಿತ ಎಂದು ಕೊಟ್ಟ ಮಾತೂ ಶಾಶ್ವತವಲ್ಲ. ಆರ್ಲೋ ಕಂಪನಿಯ ಹಳೆಯ ಕ್ಯಾಮೆರಾಗಳ ಜೊತೆ 7 ದಿನದ ಉಚಿತ ಕ್ಲೌಡ್ ಸಂಗ್ರಹ ಬರುತ್ತಿತ್ತು. 2023ರ ಆರಂಭದಲ್ಲಿ ಅದನ್ನು ನಿಲ್ಲಿಸುವುದಾಗಿ ಕಂಪನಿ ಪ್ರಕಟಿಸಿತು, ಗ್ರಾಹಕರು ತಿರುಗಿಬಿದ್ದ ಮೇಲೆ ನಿಲುವು ಸಡಿಲಿಸಿತು. ಅಮೆಜಾನ್ ತನ್ನ ‘ಕ್ಲೌಡ್ ಕ್ಯಾಮ್’ ಸೇವೆಯನ್ನು 2022ರ ಡಿಸೆಂಬರ್‌ನಲ್ಲಿ ಮುಚ್ಚಿಯೇಬಿಟ್ಟಿತು. ಕೆಡದೇ ಇದ್ದ ಕ್ಯಾಮೆರಾಗಳೂ ಅಂದು ನಿಷ್ಪ್ರಯೋಜಕವಾದವು.

ಭಾರತದ ಮಾರುಕಟ್ಟೆ ಈ ವಿಚಾರದಲ್ಲಿ ಕೊಂಚ ಬೇರೆ. 2022ರಲ್ಲಿ ಏರ್‌ಟೆಲ್ ‘ಎಕ್ಸ್‌ಸೇಫ್’ ಹೆಸರಿನಲ್ಲಿ ಚಂದಾ ಆಧಾರದ ಮನೆ ಕ್ಯಾಮೆರಾ ಸೇವೆ ತಂದಿತ್ತು. ಆದರೆ ಇಲ್ಲಿನ ಅಂಗಡಿ, ಮನೆಗಳಿಗೆ ಮೊದಲಿನಿಂದಲೂ ರೂಢಿಯಾದದ್ದು ಡಿವಿಆರ್, ಅಂದರೆ ಕ್ಯಾಮೆರಾಗಳ ದೃಶ್ಯವನ್ನು ಹಾರ್ಡ್‌ಡಿಸ್ಕ್‌ನಲ್ಲಿ ದಾಖಲಿಸುವ ಪೆಟ್ಟಿಗೆ. ಟಿವಿಯ ಪಕ್ಕದಲ್ಲೋ ಮಾಡಿನ ಕೆಳಗೋ ಅದು ಗುಂಯ್‌ಗುಡುತ್ತಿರುತ್ತದೆ, ತಿಂಗಳ ದುಡ್ಡು ಕೇಳುವುದಿಲ್ಲ. ಮೆಮೊರಿ ಕಾರ್ಡ್ ಹಾಕಿದರೆ ಸಾಕು ಎನ್ನುವ ವೈಫೈ ಕ್ಯಾಮೆರಾಗಳು ಎರಡು ಮೂರು ಸಾವಿರ ರೂಪಾಯಿಗೆ ಸಿಗುತ್ತವೆ. ಹಾಗಾಗಿ ಇಲ್ಲಿ ಚಂದಾ ತಪ್ಪಿಸುವುದು ಕಷ್ಟವೇನಲ್ಲ. ತಪ್ಪಿಸಿದ ಮೇಲೆ ಬರುವ ಹೊಣೆಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ.

‘ಎಲ್ಲವೂ ಮನೆಯಲ್ಲೇ’ ಎಂದವರ ಕತೆ

ಆ್ಯಂಕರ್ ಸಂಸ್ಥೆಯ ಯೂಫಿ ಕ್ಯಾಮೆರಾಗಳು ಮಾರಾಟವಾದದ್ದೇ ಈ ಭರವಸೆಯ ಮೇಲೆ: ಚಂದಾ ಇಲ್ಲ, ಕ್ಲೌಡ್ ಇಲ್ಲ, ದೃಶ್ಯ ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. 2022ರ ನವೆಂಬರ್‌ನಲ್ಲಿ ಭದ್ರತಾ ಸಂಶೋಧಕರೊಬ್ಬರು ಬೇರೆಯದನ್ನೇ ತೋರಿಸಿದರು. ಬಾಗಿಲಿಗೆ ಬಂದವರ ಪುಟ್ಟ ಚಿತ್ರಗಳು ಕ್ಲೌಡ್‌ಗೆ ಹೋಗುತ್ತಿದ್ದವು. ಸರಿಯಾದ ವಿಳಾಸ ಗೊತ್ತಿದ್ದರೆ ನೇರ ದೃಶ್ಯವನ್ನು ಸಾಮಾನ್ಯ ವಿಡಿಯೊ ಪ್ಲೇಯರ್‌ನಲ್ಲೇ ತೆರೆಯಬಹುದೆಂಬುದೂ ಬಯಲಾಯಿತು. ಮೊದಲು ಅಲ್ಲಗಳೆದ ಕಂಪನಿ 2023ರ ಆರಂಭದಲ್ಲಿ ಲೋಪ ಒಪ್ಪಿಕೊಂಡಿತು. 2025ರಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಕಚೇರಿ ಈ ಕ್ಯಾಮೆರಾಗಳನ್ನು ಮಾರಿದ ಕಂಪನಿಗಳಿಂದ 4,50,000 ಡಾಲರ್ ವಸೂಲಿ ಮಾಡಿತು.

ಇದನ್ನು ಬರಿಯ ಮೋಸ ಎಂದು ತಳ್ಳಿಹಾಕಿದರೆ ಕಾರಣ ತಪ್ಪಿಹೋಗುತ್ತದೆ. ‘ಬಾಗಿಲಲ್ಲಿ ಯಾರೋ ಇದ್ದಾರೆ’ ಎಂಬ ಸೂಚನೆಯ ಜೊತೆ ಅವರ ಚಿತ್ರವೂ ಫೋನಿನ ಪರದೆಯಲ್ಲಿ ಬೇಕು ಎಂದು ನಾವು ಬಯಸುತ್ತೇವೆ. ನಾವಿರುವುದು ಕಚೇರಿಯಲ್ಲಿ, ಫೋನು ಇರುವುದು ಬೇರೆ ಜಾಲದಲ್ಲಿ. ಸೂಚನೆ ಬರುವುದು ಆ್ಯಪಲ್ ಅಥವಾ ಗೂಗಲ್‌ನ ಸೂಚನಾ ವ್ಯವಸ್ಥೆಯ ಮೂಲಕ, ಆ ಚಿತ್ರ ಎಲ್ಲೋ ಒಂದು ಸರ್ವರ್‌ನಲ್ಲಿ ತುಸು ಹೊತ್ತಾದರೂ ತಂಗಬೇಕಾಗುತ್ತದೆ. ಅನುಕೂಲ ಹೆಚ್ಚಿದಷ್ಟೂ ದೃಶ್ಯ ಮನೆಯ ಹೊಸ್ತಿಲು ದಾಟುವ ಸಂದರ್ಭ ಹೆಚ್ಚುತ್ತದೆ. ಸೂಚನೆಯಲ್ಲಿ ಚಿತ್ರ ಬೇಡ, ಅಕ್ಷರ ಸಾಕು ಎಂಬ ಆಯ್ಕೆ ಕೆಲವು ಆ್ಯಪ್‌ಗಳಲ್ಲಿದೆ.

ಚಂದಾ ಕಟ್ಟುವವರು ಹೆಚ್ಚು ಸುರಕ್ಷಿತರೇ? ಹಾಗೂ ಇಲ್ಲ. ರಿಂಗ್‌ನ ನೌಕರರಿಗೂ ಗುತ್ತಿಗೆದಾರರಿಗೂ ಗ್ರಾಹಕರ ಖಾಸಗಿ ದೃಶ್ಯಗಳು ಸಿಗುತ್ತಿದ್ದವು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆರೋಪಿಸಿತು, 58 ಲಕ್ಷ ಡಾಲರ್‌ಗೆ ಪ್ರಕರಣ ಇತ್ಯರ್ಥವಾಯಿತು. 2024ರ ಫೆಬ್ರುವರಿಯಲ್ಲಿ ವೈಜ್ ಕಂಪನಿಯ ಸುಮಾರು 13,000 ಬಳಕೆದಾರರಿಗೆ ಬೇರೆಯವರ ಮನೆಯ ಚಿತ್ರಗಳು ಕಾಣಿಸಿದವು. ಕ್ಲೌಡ್ ಇದ್ದಲ್ಲೆಲ್ಲ, ಹಣ ಕೊಟ್ಟರೂ ಕೊಡದಿದ್ದರೂ, ಬೀಗದ ಕೈ ಇನ್ನೊಬ್ಬರ ಬಳಿ ಒಂದಿರುತ್ತದೆ. ಫೋನ್ ಬಿಟ್ಟು ಬೇರೆಲ್ಲೂ ದೃಶ್ಯ ತೆರೆಯದಂಥ ಗೂಢಲಿಪಿ ವ್ಯವಸ್ಥೆಯನ್ನು ರಿಂಗ್ ಈಗ ಕೊಡುತ್ತದೆ, ಆದರೆ ಅದನ್ನು ಚಾಲೂ ಮಾಡಿದರೆ ಹಲವು ಸೌಲಭ್ಯಗಳು ನಿಂತುಹೋಗುತ್ತವೆ. ಕಾರಣ ಮೇಲೆ ಹೇಳಿದ್ದೇ: ಆ ಅನುಕೂಲಗಳಿಗೆ ದೃಶ್ಯ ಸರ್ವರ್‌ನಲ್ಲಿ ತೆರೆದುಕೊಳ್ಳಬೇಕು.

ಕಾರ್ಡಿನ ಲೆಕ್ಕ, ಪೆಟ್ಟಿಗೆಯ ಲೆಕ್ಕ

ಮನೆಯಲ್ಲೇ ದಾಖಲಿಸುವುದಾದರೆ ಎಷ್ಟು ಜಾಗ ಬೇಕು? ಸಾಧಾರಣ 1080ಪಿ ದೃಶ್ಯ ಸೆಕೆಂಡಿಗೆ 2 ಮೆಗಾಬಿಟ್ ಎಂದಿಟ್ಟುಕೊಳ್ಳೋಣ. ಗಂಟೆಗೆ 900 ಎಂಬಿ, ದಿನಕ್ಕೆ 21.6 ಜಿಬಿ. 64 ಜಿಬಿಯ ಕಾರ್ಡಿನಲ್ಲಿ ಸುಮಾರು ಮೂರು ದಿನ, 128 ಜಿಬಿಯಲ್ಲಿ ಸುಮಾರು ಆರು ದಿನ ಹಿಡಿಯುತ್ತದೆ. ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ಬರೆಯುತ್ತಾ ಹೋಗುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 1 ಟಿಬಿ ಹಾರ್ಡ್‌ಡಿಸ್ಕ್ ಇಟ್ಟರೆ ಹನ್ನೊಂದು ದಿನ ಚಿಲ್ಲರೆ. ಹದಿನೈದು ದಿನದ ತೀರ್ಥಯಾತ್ರೆ ಮುಗಿಸಿ ಬಂದವರು, ಹೊರಟ ಮರುದಿನವೇ ಕಳ್ಳತನ ನಡೆದಿದ್ದರೆ, ಖಾಲಿ ಅಂಗಳದ ದೃಶ್ಯವನ್ನಷ್ಟೇ ನೋಡುತ್ತಾರೆ. ‘ಚಲನೆ ಕಂಡಾಗ ಮಾತ್ರ ದಾಖಲಿಸು’ ಎಂದು ಹೊಂದಿಸಿದರೆ ದಿನಗಳು ಹಲವು ಪಟ್ಟು ಹಿಗ್ಗುತ್ತವೆ. ಆದರೆ ಗಾಳಿಗೆ ಅಲುಗುವ ತೆಂಗಿನ ಗರಿಯೂ ಅದಕ್ಕೆ ಚಲನೆಯೇ.

ಇದೇ ಲೆಕ್ಕ ಇನ್ನೊಂದನ್ನೂ ತಿಳಿಸುತ್ತದೆ. ಒಂದೇ ಕ್ಯಾಮೆರಾದ ಇಡೀ ದಿನದ ದೃಶ್ಯವನ್ನು ಕ್ಲೌಡ್‌ಗೆ ಕಳಿಸಿದರೆ ತಿಂಗಳಿಗೆ 648 ಜಿಬಿ ಆಗುತ್ತದೆ. ಅಗ್ಗದ ಚಂದಾ ಯೋಜನೆಗಳು ತುಣುಕುಗಳನ್ನಷ್ಟೇ ಇಡುವುದು ಈ ಕಾರಣಕ್ಕೆ. ಚಂದಾ ಕಟ್ಟಿದ ಮಾತ್ರಕ್ಕೆ ಇಡೀ ದಿನದ ದಾಖಲೆ ಸಿಕ್ಕಿತೆಂದು ಭಾವಿಸಬಾರದು.

ಕಾರ್ಡಿನ ದೊಡ್ಡ ದೌರ್ಬಲ್ಯ ಅದು ಇರುವ ಜಾಗ. ಕಾರ್ಡು ಕ್ಯಾಮೆರಾದ ಹೊಟ್ಟೆಯಲ್ಲಿರುತ್ತದೆ, ಕ್ಯಾಮೆರಾ ಕಾಂಪೌಂಡಿನ ಹೊರಮೈಯಲ್ಲಿರುತ್ತದೆ. ಕಳ್ಳ ಕ್ಯಾಮೆರಾ ಕಿತ್ತರೆ ಸಾಕ್ಷಿಯನ್ನೂ ಜೇಬಿಗಿಳಿಸಿದಂತೆ. ಎರಡನೆಯದು ಸವಕಳಿ. ದಿನವಿಡೀ ಬರೆಸಿಕೊಳ್ಳುವ ಕೆಲಸಕ್ಕೆ ಫೋನಿನ ಸಾಮಾನ್ಯ ಕಾರ್ಡು ತಾಳುವುದಿಲ್ಲ, ಅದಕ್ಕೆಂದೇ ಹೆಚ್ಚು ಬಾಳಿಕೆಯ ಕಾರ್ಡುಗಳಿವೆ. ಕೆಟ್ಟ ಕಾರ್ಡು ಸದ್ದು ಮಾಡುವುದಿಲ್ಲ. ನೇರ ದೃಶ್ಯ ಫೋನಿನಲ್ಲಿ ಚೆನ್ನಾಗಿಯೇ ಕಾಣುತ್ತಿರುತ್ತದೆ, ದಾಖಲೆ ನಿಂತು ತಿಂಗಳುಗಳಾಗಿರುತ್ತವೆ. ಅದು ತಿಳಿಯುವುದು ಬೇಕಾದ ದಿನವೇ, ಊರು ಕೊಳ್ಳೆ ಹೋದ ಮೇಲೆ.

ಆದ್ದರಿಂದ ಕ್ಯಾಮೆರಾ ಹೊರಗೆ, ದಾಖಲೆ ಒಳಗೆ ಎಂಬ ವ್ಯವಸ್ಥೆಯೇ ಮೇಲು. ಅದು ಎನ್‌ವಿಆರ್ (ಮನೆಯ ಜಾಲದ ಮೂಲಕ ಕ್ಯಾಮೆರಾಗಳ ದೃಶ್ಯ ದಾಖಲಿಸುವ ಪೆಟ್ಟಿಗೆ) ಆಗಬಹುದು, ಡೋರ್‌ಬೆಲ್ ಜೊತೆ ಬರುವ ಬೇಸ್ ಸ್ಟೇಷನ್ ಆಗಬಹುದು. ಪೆಟ್ಟಿಗೆ ಕಣ್ಣಿಗೆ ಬೀಳುವ ಕಡೆ ಬೇಡ. ಟಿವಿ ಪಕ್ಕದಲ್ಲಿಟ್ಟರೆ ಟಿವಿ ಹೊತ್ತವನು ಅದನ್ನೂ ಹೊರುತ್ತಾನೆ. ಕೊಳ್ಳುವಾಗ ‘ಆನ್‌ವಿಫ್’ ಅಥವಾ ‘ಆರ್‌ಟಿಎಸ್‌ಪಿ’ ಬೆಂಬಲ ಇದೆಯೇ ಎಂದು ಕೇಳುವುದು ಒಳ್ಳೆಯದು. ಬೇರೆ ಬೇರೆ ಕಂಪನಿಗಳ ಕ್ಯಾಮೆರಾ ಮತ್ತು ರೆಕಾರ್ಡರ್ ಪರಸ್ಪರ ಮಾತಾಡಲು ಇರುವ ಸಾಮಾನ್ಯ ಭಾಷೆಗಳಿವು. ಇವು ಇದ್ದರೆ ಕಂಪನಿ ನಾಳೆ ತನ್ನ ಆ್ಯಪ್ ಮುಚ್ಚಿದರೂ ಕ್ಯಾಮೆರಾ ಸಾಯುವುದಿಲ್ಲ. ಬ್ಯಾಟರಿಯಿಂದ ನಡೆಯುವ ಮಾದರಿಗಳಲ್ಲಿ ಸಾಮಾನ್ಯವಾಗಿ ಇವು ಇರುವುದಿಲ್ಲ.

ದಾಖಲೆ ಇದ್ದರೆ ಸಾಲದು, ಗಡಿಯಾರವೂ ಸರಿಯಿರಬೇಕು. ಇಂಟರ್‌ನೆಟ್‌ಗೆ ಸೇರಿಸದ ಹಳೆಯ ಡಿವಿಆರ್‌ಗಳಲ್ಲಿ ಒಳಗಿನ ಪುಟ್ಟ ಬ್ಯಾಟರಿ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಯಾವುದೋ ಹಳೆಯ ವರ್ಷಕ್ಕೆ ಜಾರುತ್ತದೆ. ಕೃತ್ಯ ನಡೆದ ಸಮಯವೇ ತಪ್ಪಾಗಿದ್ದರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ತುಸು ಬದಲಾದರೂ ಬೇರೆಯಾಗುವ, ಅದರ ಬೆರಳಚ್ಚಿನಂಥ ಸಂಕೇತ) ಅದರಲ್ಲಿ ನಮೂದಿಸಬೇಕು. ಪರದೆಯನ್ನು ಫೋನಿನಲ್ಲಿ ಚಿತ್ರೀಕರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಿಡಿಯೊ ಸುಳಿವಿಗೆ ಆದೀತು, ಮೂಲ ಕಡತದ ಜಾಗ ತುಂಬುವುದಿಲ್ಲ. ಘಟನೆ ನಡೆದರೆ ಮೊದಲು ರೆಕಾರ್ಡರ್ ಹಳೆಯದನ್ನು ಅಳಿಸುವ ಮುನ್ನ ಆ ಭಾಗವನ್ನು ಪ್ರತಿ ಮಾಡಿಟ್ಟುಕೊಳ್ಳಬೇಕು.

ನಮ್ಮ ಬಾಗಿಲಿಗೆ ಆ ಗಂಟೆ ಹೊಂದುವುದೇ?

ಅಮೆರಿಕದಲ್ಲಿರುವ ಮಕ್ಕಳು ಮೈಸೂರಿನಲ್ಲೋ ಧಾರವಾಡದಲ್ಲೋ ಇಬ್ಬರೇ ಇರುವ ತಂದೆ ತಾಯಿಗೆ ಅಲ್ಲಿಂದಲೇ ಡೋರ್‌ಬೆಲ್ ತರುವುದುಂಟು. ಅಲ್ಲಿಯ ಮನೆಗಳಲ್ಲಿ ಕರೆಗಂಟೆಗೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಇದ್ದು, 16ರಿಂದ 24 ವೋಲ್ಟ್ ಕರೆಂಟ್ ಹರಿಯುತ್ತದೆ. ತಂತಿಯ ಡೋರ್‌ಬೆಲ್‌ಗಳು ಅದಕ್ಕೆಂದೇ ತಯಾರಾದವು. ನಮ್ಮ ಮನೆಗಳಲ್ಲಿ ಕರೆಗಂಟೆಯ ಸ್ವಿಚ್ಚಿಗೆ ಬರುವುದು ನೇರ 230 ವೋಲ್ಟ್. ಹಳೆಯ ಸ್ವಿಚ್ಚು ಬಿಚ್ಚಿ ಅದೇ ತಂತಿಗೆ ಇದನ್ನು ಸಿಕ್ಕಿಸಿದರೆ ಉಪಕರಣ ಸುಡುವುದಷ್ಟೇ ಅಲ್ಲ, ಜೀವಕ್ಕೂ ಅಪಾಯ. ಎಲೆಕ್ಟ್ರಿಷಿಯನ್ ಕೈಯಲ್ಲಿ ಸೂಕ್ತ ಟ್ರಾನ್ಸ್‌ಫಾರ್ಮರ್ ಹಾಕಿಸಬೇಕು, ಇಲ್ಲವೇ ಬ್ಯಾಟರಿಯ ಮಾದರಿ ಕೊಳ್ಳಬೇಕು. ಭಾರತದಲ್ಲಿ ಮಾರುವ ಡೋರ್‌ಬೆಲ್‌ಗಳಲ್ಲಿ ಬ್ಯಾಟರಿಯವು ಹೆಚ್ಚಾಗಿರಲು ಇದೂ ಒಂದು ಕಾರಣ.

ಬ್ಯಾಟರಿ ಡೋರ್‌ಬೆಲ್ ಸದಾ ಎಚ್ಚರವಾಗಿರುವುದಿಲ್ಲ. ಅದು ನಿದ್ದೆಯಲ್ಲಿರುತ್ತದೆ. ಮೈಶಾಖ ಗುರುತಿಸುವ ಸಂವೇದಕ ಎಬ್ಬಿಸಿದಾಗ ಕಣ್ಣು ತೆರೆಯುತ್ತದೆ. ಆ ಒಂದೆರಡು ಸೆಕೆಂಡಿನಲ್ಲಿ ಪಾರ್ಸೆಲ್ ಎತ್ತಿಕೊಂಡವನು ಬೆನ್ನು ತಿರುಗಿಸಿರುತ್ತಾನೆ. ನಿರಂತರ ದಾಖಲೆ ಅದರಿಂದ ಆಗದ ಕೆಲಸ. ಹಾಗಾಗಿ ಡೋರ್‌ಬೆಲ್ ಅನ್ನು ಕರೆಗಂಟೆಯಾಗಿಯೇ ನೋಡಿ, ‘ಯಾರು ಬಂದರು’ ಎಂದು ಕೇಳಲು ಬಳಸಿ, ಕಾವಲನ್ನು ಎತ್ತರದಲ್ಲಿ ತಂತಿಯಿಂದ ಕೂರಿಸಿದ ಬೇರೊಂದು ಕ್ಯಾಮೆರಾಗೆ ವಹಿಸುವುದು ಸರಿಯಾದ ಹಂಚಿಕೆ ಎನಿಸುತ್ತದೆ. ಎರಡನ್ನೂ ಒಂದೇ ಉಪಕರಣದಿಂದ ನಿರೀಕ್ಷಿಸುವವರೇ ಹೆಚ್ಚು ನಿರಾಶರಾಗುವುದು. ಇನ್ನು ಕರೆಂಟ್ ಹೋದಾಗ ಕ್ಯಾಮೆರಾ ಬ್ಯಾಟರಿಯಲ್ಲಿ ಬದುಕಿದ್ದರೂ ರೂಟರ್ ಸತ್ತಿದ್ದರೆ ಸೂಚನೆ ಬರುವುದಿಲ್ಲ. ರೂಟರ್ ಮತ್ತು ರೆಕಾರ್ಡರ್ ಎರಡೂ ಯುಪಿಎಸ್ ಮೇಲಿರಬೇಕು.

‘ಅಡ್ಮಿನ್123’ ಮತ್ತು ಸರ್ಕಾರದ ಮುದ್ರೆ

2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂಗಳಲ್ಲಿ ಕಾಣಿಸಿಕೊಂಡು ದೇಶ ಬೆಚ್ಚಿತು. ಅಲ್ಲಿನ ಪಾಸ್‌ವರ್ಡ್ ‘ಅಡ್ಮಿನ್123’ ಆಗಿತ್ತೆಂದು ಮುಂದೆ ವರದಿಯಾಯಿತು. ಅದು ಚಂದಾ ಇದ್ದ ಇಲ್ಲದ ಪ್ರಶ್ನೆಯೇ ಅಲ್ಲ. ಮನೆಯ ಪೆಟ್ಟಿಗೆಯಲ್ಲೇ ದಾಖಲಿಸುವ ವ್ಯವಸ್ಥೆಯನ್ನೂ ದೂರದಿಂದ ನೋಡಲೆಂದು ಇಂಟರ್‌ನೆಟ್‌ಗೆ ತೆರೆದಿಟ್ಟು, ಕೂರಿಸಿದವರು ಬಿಟ್ಟುಹೋದ ಪಾಸ್‌ವರ್ಡ್ ಬದಲಿಸದಿದ್ದರೆ ಯಾರು ಬೇಕಾದರೂ ಒಳಬರಬಹುದು. 2016ರ ‘ಮಿರಾಯ್’ ದಾಳಿಯಲ್ಲಿ ಇಂಥ ಕಾರ್ಖಾನೆಯ ಪಾಸ್‌ವರ್ಡ್‌ಗಳನ್ನು ಬಳಸಿಯೇ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡು, ಅವುಗಳಿಂದ ದೊಡ್ಡ ದೊಡ್ಡ ಜಾಲತಾಣಗಳನ್ನು ಉರುಳಿಸಲಾಗಿತ್ತು. ಕ್ಲೌಡ್ ಕಂಪನಿಗೆ ಕಟ್ಟುವ ಚಂದಾದಲ್ಲಿ ಈ ಕಾವಲಿನ ಖರ್ಚೂ ಸೇರಿರುತ್ತದೆ. ಚಂದಾ ಬೇಡ ಎಂದವರು ಆ ಕೆಲಸವನ್ನು ತಾವೇ ವಹಿಸಿಕೊಂಡಿದ್ದಾರೆ.

ಇದಕ್ಕೆ ಸರ್ಕಾರದ ಉತ್ತರವೂ ಬಂದಿದೆ, ಅದೂ ಗೊಂದಲ ಹುಟ್ಟಿಸಿದೆ. ಕೇಂದ್ರ ವಿದ್ಯುನ್ಮಾನ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್ 9ರಂದು ಹೊರಡಿಸಿದ ಅಧಿಸೂಚನೆ, ಗಡುವು ವಿಸ್ತರಣೆಯ ಬಳಿಕ, 2025ರ ಏಪ್ರಿಲ್ 9ರಿಂದ ಜಾರಿಗೆ ಬಂತು. ಇದರಂತೆ ಸಿಸಿಟಿವಿ ಕ್ಯಾಮೆರಾಗಳ ಯಂತ್ರಾಂಶ, ತಂತ್ರಾಂಶ, ಮೂಲ ಕೋಡ್ ಎಲ್ಲವೂ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬೇಕು. ಚೀನಾದ ಕ್ಯಾಮೆರಾಗಳ ಕುರಿತ ಆತಂಕ ಇದರ ಹಿನ್ನೆಲೆ. ಉದ್ಯಮದ ಕಡೆಯಿಂದ ಬಂದ ದೂರು: ಪ್ರಯೋಗಾಲಯಗಳು ಕಡಿಮೆ, ಪರೀಕ್ಷೆ ನಿಧಾನ, ಸಣ್ಣ ತಯಾರಕರಿಗೆ ಖರ್ಚು ಭಾರ. ಪರಿಣಾಮವಾಗಿ ಅಗ್ಗದ ಮಾದರಿಗಳು ಕಡಿಮೆಯಾಗುವ, ಬೆಲೆ ತುಸು ಏರುವ ಸಾಧ್ಯತೆ ಇದೆ. ನಿಯಮ ಅನ್ವಯಿಸುವುದು ತಯಾರಿಕೆ, ಆಮದು, ಮಾರಾಟಕ್ಕೆ. ಮನೆಯಲ್ಲಿ ಈಗಾಗಲೇ ಇರುವ ಕ್ಯಾಮೆರಾ ಕಿತ್ತೊಗೆಯಬೇಕಿಲ್ಲ. ಹೊಸದು ಕೊಳ್ಳುವಾಗ ಎಸ್‌ಟಿಕ್ಯೂಸಿ (ಇದೇ ಸಚಿವಾಲಯದ ಗುಣಮಟ್ಟ ಪರೀಕ್ಷಾ ವಿಭಾಗ) ಪರೀಕ್ಷೆ ಆಗಿದೆಯೇ ಎಂದು ಅಂಗಡಿಯವರನ್ನು ಕೇಳಬಹುದು. ಆದರೆ ಆ ಮುದ್ರೆ ಚಂದಾದ ಬಗ್ಗೆ ಏನೂ ಹೇಳುವುದಿಲ್ಲ. ನಮ್ಮ ಪಾಸ್‌ವರ್ಡನ್ನೂ ಅದು ಬದಲಿಸಿಕೊಡುವುದಿಲ್ಲ.

ಎದುರು ಮನೆಯ ಬಾಗಿಲು

ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ನಮ್ಮ ಡೋರ್‌ಬೆಲ್ ಕಣ್ಣು ನೆಟ್ಟಿರುವುದು ಎದುರು ಮನೆಯ ಬಾಗಿಲಿಗೆ. ಸ್ವಂತ ಮನೆಬಳಕೆಯ ದತ್ತಾಂಶಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವಿನಾಯಿತಿ ಕೊಟ್ಟಿದೆ, ನಿಜ. ಆದರೂ ಮನೆಯ ವಾಸದ ಭಾಗದಲ್ಲಿ ಜೊತೆಗಿರುವವರ ಒಪ್ಪಿಗೆ ಇಲ್ಲದೆ ಕ್ಯಾಮೆರಾ ಹಾಕುವುದು ಖಾಸಗಿತನಕ್ಕೆ ಧಕ್ಕೆ ಎಂದ ಕಲ್ಕತ್ತಾ ಹೈಕೋರ್ಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಮಧ್ಯಪ್ರವೇಶಿಸಲಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡ್ ನ್ಯಾಯಾಲಯವೊಂದು 2021ರಲ್ಲಿ ಡೋರ್‌ಬೆಲ್‌ನ ಚಿತ್ರಕ್ಕಿಂತ ಧ್ವನಿಗ್ರಹಣವೇ ಹೆಚ್ಚು ಆಕ್ಷೇಪಾರ್ಹ ಎಂದು ಕಂಡಿತ್ತು. ಬಹುತೇಕ ಆ್ಯಪ್‌ಗಳಲ್ಲಿ ಚೌಕಟ್ಟಿನ ಒಂದು ಭಾಗವನ್ನು ಮುಚ್ಚುವ, ಧ್ವನಿ ನಿಲ್ಲಿಸುವ ಆಯ್ಕೆ ಇದೆ. ಎದುರು ಮನೆಯವರು ಕೇಳುವ ಮೊದಲೇ ಅದನ್ನು ಬಳಸಿದರೆ ಜಗಳ ತಪ್ಪುತ್ತದೆ.

ಮರಳಿಸುವ ಗಡುವಿನೊಳಗೆ ಒಂದು ಪರೀಕ್ಷೆ

ಪೆಟ್ಟಿಗೆಯ ಮೇಲಿನ ‘ಚಂದಾ ಬೇಕಿಲ್ಲ’ ಎಂಬ ಮಾತನ್ನು ಮನೆಯಲ್ಲೇ ಒರೆಗೆ ಹಚ್ಚಬಹುದು. ಕ್ಯಾಮೆರಾ ಕೂರಿಸಿದ ಮೇಲೆ ರೂಟರ್ ಚಾಲೂ ಇರಲಿ, ಅದಕ್ಕೆ ಹೊರಗಿನಿಂದ ಬರುವ ಇಂಟರ್‌ನೆಟ್ ತಂತಿಯನ್ನು ಮಾತ್ರ ಕಿತ್ತಿಡಿ. ಒಬ್ಬರು ಹೊರಗೆ ಹೋಗಿ ಬಾಗಿಲ ಮುಂದೆ ಓಡಾಡಿ ಗಂಟೆ ಒತ್ತಲಿ. ಒಳಗೆ ಗಂಟೆ ಕೇಳಿಸಿತೇ? ಹತ್ತು ನಿಮಿಷ ಬಿಟ್ಟು ತಂತಿ ಜೋಡಿಸಿ, ಆ್ಯಪ್‌ನಲ್ಲಿ ಆ ಹತ್ತು ನಿಮಿಷದ ದೃಶ್ಯ ಹುಡುಕಿ. ಸಿಕ್ಕರೆ ದಾಖಲಿಸುತ್ತಿರುವುದು ಬಹುಮಟ್ಟಿಗೆ ನಿಮ್ಮ ಕಾರ್ಡೋ ಪೆಟ್ಟಿಗೆಯೋ. ಸಿಗದಿದ್ದರೆ ದಾಖಲಿಸುತ್ತಿದ್ದುದು ಬಹುಶಃ ಬೇರೆಯವರ ಸರ್ವರ್, ಮತ್ತು ಆ ಕ್ಯಾಮೆರಾ ಮರಳಿಸಲು ಇನ್ನೂ ಕೆಲವು ದಿನ ಉಳಿದಿರುತ್ತವೆ.